ಮನೆಗೆ ಫೋರ್‌ಕೆ ಟೆಲಿವಿಷನ್ ಯಾವಾಗ?

ಹೊಸ ಯಂತ್ರವೊಂದು ಪೇಟೆಗೆ ಬಂದಾಗ ನಮ್ಮಲ್ಲಿ ಎರಡು ಬಗೆಯ ಜನರು ಕಾಣಬರುತ್ತಾರೆ. ಬಂದ ದಿನವೇ ಅದು ಮನೆಯಲ್ಲಿರಬೇಕೆನ್ನುವವರು ಒಂದು ಬಗೆ. ಅದು ಬಂದುದರಿಂದಲೇ ಲೋಕ ಕೆಟ್ಟಿತೆನ್ನುವವರು ಇನ್ನೊಂದು ಬಗೆ. ಈ ಇಬ್ಬರಿಗೂ ವಿಚಾರದ ತೊಂದರೆಯಿಲ್ಲ. ಒಬ್ಬರು ಕೊಂಡು ಸುಖಿಗಳು, ಇನ್ನೊಬ್ಬರು ಬೈದು ಸುಖಿಗಳು. ತೊಂದರೆಯೆಲ್ಲ ನಡುವೆ ನಿಂತ ನಮ್ಮಂಥ ಸಾಮಾನ್ಯ ಸಂಸಾರಗಳದು. ಬೇಡವೆನ್ನಲು ಮನಸ್ಸಿಲ್ಲ; ಬೇಕೆನ್ನಲು ಕೈಯಲ್ಲಿ ಹಣವಿಲ್ಲ. ಇಂಥ ಸಂಸಾರಗಳ ಮುಂದೆ ಈಗ ಬಂದು ನಿಂತಿರುವ ಪ್ರಶ್ನೆ ಫೋರ್‌ಕೆ ಟೆಲಿವಿಷನ್ನಿನದು.

ಅಂಗಡಿಯ ಮಾತು ಕಾಲೇಜಿನ ಸಂಚಿಕೆಗೆ ಏಕೆಂದು ಯಾರಾದರೂ ಕೇಳಬಹುದು. ನಮ್ಮ ಕಾಲೇಜಿನ ಅನೇಕರು ತಮ್ಮ ತಮ್ಮ ಮನೆಗಳಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು, ನಾನೂ ಅವರಲ್ಲೊಬ್ಬ. ಬ್ಯಾಂಕಿನ ಕಾಗದ ಬರಲಿ, ಆಸ್ಪತ್ರೆಯ ಚೀಟಿ ಬರಲಿ, ಅಂಗಡಿಯ ಜಾಹೀರಾತು ಬರಲಿ, “ಓದಿದವರು ನೀವು, ನೋಡಿ ಹೇಳಿ” ಎಂದು ಹಿರಿಯರು ನಮ್ಮತ್ತಲೇ ಚಾಚುತ್ತಾರೆ. ನಮ್ಮ ಮನೆಯಲ್ಲಿಯೂ ಈ ವರ್ಷ ಇದೇ ಪ್ರಶ್ನೆ ಎದ್ದಿತು. ಇಪ್ಪತ್ತು ಮೂವತ್ತು ಸಾವಿರ ರೂಪಾಯಿಗಳೆಂದರೆ ನಮ್ಮ ಕಡೆ ಒಂದು ಬೆಳೆಯ ಉಳಿತಾಯ. ಬಾಯಿಗೆ ಬಂದಂತೆ ಉತ್ತರಿಸುವ ವಿಷಯ ಇದಲ್ಲ. ಆದುದರಿಂದ ಓದಿ, ಲೆಕ್ಕ ಹಾಕಿ, ನನಗೆ ತೋರಿದುದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಮೊದಲು ವಸ್ತುವನ್ನು ಅರಿಯೋಣ. ಟೆಲಿವಿಷನ್ನಿನ ಚಿತ್ರವು ಚುಕ್ಕೆಗಳನ್ನಿಟ್ಟು ಬರೆದ ರಂಗವಲ್ಲಿಯಂತೆ. ಚುಕ್ಕೆ ಹೆಚ್ಚಿದಷ್ಟೂ ಚಿತ್ರ ನಯ. ೧೯೫೯ರಲ್ಲಿ ದೆಹಲಿಯಲ್ಲಿ ಮೊದಲಾದ ಟೆಲಿವಿಷನ್ ೧೯೮೧ರಲ್ಲಿ ಬೆಂಗಳೂರಿಗೆ ಬಂದಿತು. ಅಂದಿನ ಚಿತ್ರಕ್ಕೆ ೬೨೫ ಗೆರೆಗಳು. ಚಿತ್ರವನ್ನು ಹೊತ್ತವು ಅವುಗಳಲ್ಲಿ ೫೭೬. ಇಂದಿನ ಲೆಕ್ಕಕ್ಕೆ ತಿರುಗಿಸಿದರೆ ಅಡ್ಡಕ್ಕೆ ೭೨೦, ಎತ್ತರಕ್ಕೆ ೫೭೬, ಒಟ್ಟು ೪,೧೪,೭೨೦ ಚುಕ್ಕೆಗಳು. ೨೦೧೦ರ ಕಾಮನ್‌ವೆಲ್ತ್ ಕ್ರೀಡೆಗಳೊಡನೆ ದೂರದರ್ಶನವು ಎಚ್.ಡಿ. ಪ್ರಸಾರಕ್ಕೆ ತೊಡಗಿತು. ಪೂರ್ಣ ಎಚ್.ಡಿ. ಎಂದರೆ ೧೯೨೦ಕ್ಕೆ ೧೦೮೦, ಇಪ್ಪತ್ತು ಲಕ್ಷಕ್ಕೆ ಮೀರಿದ ಚುಕ್ಕೆಗಳು. ೨೦೧೨ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಅತಿಸ್ಪಷ್ಟ ಚಿತ್ರಕ್ಕೆ ಎರಡು ಅಳತೆಗಳನ್ನು ಗೊತ್ತುಮಾಡಿತು. ಅವುಗಳಲ್ಲಿ ಚಿಕ್ಕದಾದ ೩೮೪೦ಕ್ಕೆ ೨೧೬೦ ಎಂಬುದೇ ಅಂಗಡಿಯವರ ಫೋರ್‌ಕೆ. ಅದರ ಚುಕ್ಕೆಗಳು ೮೨,೯೪,೪೦೦. ಎಚ್.ಡಿ.ಗೆ ನಾಲ್ಕು ಪಟ್ಟು. ಹಳೆಯ ದೂರದರ್ಶನಕ್ಕೆ ಸರಿಯಾಗಿ ಇಪ್ಪತ್ತು ಪಟ್ಟು.

ಈ ಅಂಕಿಗಳನ್ನು ಕೇಳಿದವರಿಗೆ ಬೆರಗಾಗುವುದು ಸಹಜ. ಆದರೆ ಚಿತ್ರವನ್ನು ನೋಡುವುದು ಅಂಕಿಯಲ್ಲ, ಕಣ್ಣು. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ಅಂತರದಲ್ಲಿರುವ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕಿಂತ ಒತ್ತಾದರೆ ಅವೆರಡೂ ಒಂದೇ. ಈ ಅಳತೆಯನ್ನು ಹಿಡಿದು ಲೆಕ್ಕ ಹಾಕಿದರೆ, ೪೩ ಅಂಗುಲದ ಎಚ್.ಡಿ. ಪರದೆಯಿಂದ ಸುಮಾರು ಐದೂವರೆ ಅಡಿಗಿಂತ ದೂರ ಕುಳಿತವರಿಗೆ ಅದರ ಚುಕ್ಕೆಗಳು ಆಗಲೇ ಒಂದರಲ್ಲೊಂದು ಬೆರೆತುಹೋಗಿರುತ್ತವೆ. ೫೫ ಅಂಗುಲಕ್ಕೆ ಈ ದೂರ ಏಳಡಿ. ೬೫ ಅಂಗುಲಕ್ಕೆ ಎಂಟೂವರೆ ಅಡಿ. ನಮ್ಮ ಪಡಸಾಲೆಗಳಲ್ಲಿ ಪೆಟ್ಟಿಗೆ ಒಂದು ಗೋಡೆಗೆ, ಜನ ಎದುರಿನ ಗೋಡೆಗೆ. ನಡುವೆ ಒಂಬತ್ತು ಹತ್ತು ಅಡಿ. ಅಷ್ಟು ದೂರದಿಂದ ೪೩ ಅಂಗುಲದ ಪರದೆಯಲ್ಲಿ ಫೋರ್‌ಕೆ ಚಿತ್ರ ಯಾವುದು, ಎಚ್.ಡಿ. ಚಿತ್ರ ಯಾವುದು ಎಂದು ಚುಕ್ಕೆಗಳನ್ನು ನೋಡಿ ಹೇಳುವುದು ಸಾಧ್ಯವೆಂದು ನನಗೆ ತೋರುವುದಿಲ್ಲ. ಅಂಗಡಿಯಲ್ಲಿ ವ್ಯತ್ಯಾಸ ಕಾಣುವುದೇಕೆ? ಅಲ್ಲಿ ನಾವು ಮೂರಡಿಯಲ್ಲಿ ನಿಂತು ನೋಡುತ್ತೇವೆ.

ಎರಡನೆಯ ಮಾತು ಇದಕ್ಕಿಂತಲೂ ಮುಖ್ಯ. ಪೆಟ್ಟಿಗೆಯೊಳಕ್ಕೆ ಬರುವುದೇನು? ಹಳ್ಳಿಗಾಡಿನ ಮನೆಗಳಲ್ಲಿ ಕಾಣುವ ಡಿ.ಡಿ. ಫ್ರೀ ಡಿಶ್‌ನ ಚಾನೆಲ್ಲುಗಳಲ್ಲಿ ಹೆಚ್ಚಿನವು ಹಳೆಯ ಪ್ರಮಾಣದವು. ಅಂದರೆ ಹೊಸ ಪರದೆಯ ಇಪ್ಪತ್ತು ಚುಕ್ಕೆಗಳಲ್ಲಿ ಹೊರಗಿನಿಂದ ಬಂದುದು ಒಂದು. ಮಿಕ್ಕ ಹತ್ತೊಂಬತ್ತನ್ನು ಯಂತ್ರವೇ ಊಹಿಸಿ ತುಂಬುತ್ತದೆ. ಹಾಲು ಒಂದು ಪಾವು, ನೀರು ಹತ್ತೊಂಬತ್ತು ಪಾವು. ದೊಡ್ಡ ಪರದೆಯಲ್ಲಿ ಹಳೆಯ ಚಿತ್ರ ಮೊದಲಿಗಿಂತ ಮಸುಕಾಗಿ ಕಂಡಿತೆಂದು ಕೆಲವರು ದೂರುವುದರ ಗುಟ್ಟು ಇದೇ. ೨೦೧೫ರ ವಿಶ್ವಕಪ್ ಕ್ರಿಕೆಟ್ಟಿನ ಕೆಲವು ಪಂದ್ಯಗಳು ನಮ್ಮ ದೇಶದಲ್ಲಿ ಫೋರ್‌ಕೆಯಲ್ಲಿ ಪ್ರಸಾರವಾದುದುಂಟು. ಆದರೆ ದಿನನಿತ್ಯದ ಕನ್ನಡ ವಾರ್ತೆ, ಧಾರಾವಾಹಿಗಳು ನಮ್ಮ ಮನೆಗಳಿಗೆ ಬರುವುದು ಹಳೆಯ ಪ್ರಮಾಣದಲ್ಲಿ ಇಲ್ಲವೆ ಎಚ್.ಡಿ.ಯಲ್ಲಿ.

ಅಂತರ್ಜಾಲದಲ್ಲಿ ಇದೆಯಲ್ಲ ಎಂದರೆ, ಇದೆ. ಅದರ ಖರ್ಚನ್ನೂ ನೋಡಬೇಕು. ಫೋರ್‌ಕೆ ಚಿತ್ರ ತಡೆಯಿಲ್ಲದೆ ಬರಲು ಸೆಕೆಂಡಿಗೆ ಸುಮಾರು ೧೫ ಮೆಗಾಬಿಟ್ ವೇಗ ಬೇಕೆನ್ನುತ್ತಾರೆ. ಆ ಲೆಕ್ಕದಲ್ಲಿ ಒಂದು ಗಂಟೆಗೆ ಆರೂಮುಕ್ಕಾಲು ಗಿಗಾಬೈಟ್. ದಿನಕ್ಕೆ ಎರಡು ಗಿಗಾಬೈಟಿನ ಮೊಬೈಲ್ ರೀಚಾರ್ಜ್ ಮಾಡಿಸಿಕೊಂಡವರು ಮೂರು ದಿನದ ಪಾಲನ್ನು ಒಂದೇ ಗಂಟೆಯಲ್ಲಿ ಮುಗಿಸಿದಂತಾಯಿತು. ಮನೆಗೆ ಫೈಬರ್ ತಂತಿ ಬಾರದಿದ್ದರೆ ಫೋರ್‌ಕೆ ಎಂಬುದು ಪೆಟ್ಟಿಗೆಯ ಮೇಲಿನ ಚೀಟಿ ಮಾತ್ರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂಬ ಗಾದೆ ಇದಕ್ಕೆ ಒಪ್ಪುತ್ತದೆ.

ಕೂಸಿಗೆ ತಕ್ಕ ಕುಲಾವಿ ಹೊಲಿಸಿದ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-೬ ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಟೆಲಿವಿಷನ್ ತೋರಿಸಲಾಯಿತು. ಸೈಟ್ ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಊರಿಗೊಂದು ಪೆಟ್ಟಿಗೆ, ಎದುರಿಗೆ ಊರೇ. ಆದರೆ ಪೆಟ್ಟಿಗೆಯೊಡನೆಯೇ ಬೇಸಾಯ, ಆರೋಗ್ಯ, ಮಕ್ಕಳ ಪಾಠಗಳ ಕಾರ್ಯಕ್ರಮಗಳು ಕನ್ನಡದಲ್ಲಿ ಸಿದ್ಧವಾಗಿ ಬಂದವು. ಇದಕ್ಕೆ ತಿರುಗಾದ ನಿದರ್ಶನ ತ್ರೀಡಿ ಟೆಲಿವಿಷನ್ನಿನದು. ೨೦೧೦ರ ಸುಮಾರಿಗೆ ಕನ್ನಡಕ ಹಾಕಿಕೊಂಡು ನೋಡುವ ಆ ಪೆಟ್ಟಿಗೆಗಳನ್ನು ಯುಗಪ್ರವರ್ತಕವೆಂದು ಮಾರಿದರು. ನೋಡಲು ಸಾಕಷ್ಟು ಚಿತ್ರಗಳಿರಲಿಲ್ಲ. ೨೦೧೭ರ ಹೊತ್ತಿಗೆ ದೊಡ್ಡ ತಯಾರಕರೆಲ್ಲ ಅವನ್ನು ಕೈಬಿಟ್ಟರು. ಇಂದು ಏಟ್‌ಕೆ ಎಂದು ಕರೆಯುವವರಿಗೂ ಇದೇ ಉತ್ತರ ಸಾಕು.

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಫೋರ್‌ಕೆಯ ಗುಣ ಚುಕ್ಕೆಗಳಲ್ಲಷ್ಟೇ ಇಲ್ಲ, ಬಣ್ಣದಲ್ಲಿದೆ ಎನ್ನುತ್ತಾರೆ. ಇದು ನಿಜ. ಹಳೆಯ ಪದ್ಧತಿಯಲ್ಲಿ ಪ್ರತಿ ಮೂಲವರ್ಣಕ್ಕೆ ೨೫೬ ಮೆಟ್ಟಿಲುಗಳಿದ್ದರೆ ಹೊಸದರಲ್ಲಿ ೧,೦೨೪. ಎಚ್.ಡಿ.ಆರ್. ಎಂಬ ವ್ಯವಸ್ಥೆಯಿಂದ ನೆರಳು ಬೆಳಕುಗಳ ಅಂತರವೂ ಹಿಗ್ಗುತ್ತದೆ; ಈ ಚೆಲುವು ಹತ್ತಡಿ ದೂರಕ್ಕೂ ಕಾಣುತ್ತದೆ. ಆದರೆ ಅದಕ್ಕೆ ಪರದೆ ಚೆನ್ನಾಗಿ ಬೆಳಗಬೇಕು. ಅಗ್ಗದ ಸೆಟ್ಟುಗಳಲ್ಲಿ ಹೆಸರಿರುತ್ತದೆ, ಬೆಳಕಿರುವುದಿಲ್ಲ. ಬೆಲೆ ಇಳಿದಿದೆ ಎಂಬುದೂ ನಿಜ. ೨೦೨೫ರ ಸೆಪ್ಟೆಂಬರ್ ೨೨ರಿಂದ ೩೨ ಅಂಗುಲಕ್ಕೆ ಮೀರಿದ ಸೆಟ್ಟುಗಳ ಮೇಲಿನ ಜಿ.ಎಸ್.ಟಿ. ಶೇಕಡ ೨೮ರಿಂದ ೧೮ಕ್ಕೆ ಇಳಿಯಿತು. ಇಳಿದ ಬೆಲೆ ಕೊಳ್ಳುವವರಿಗೆ ಅನುಕೂಲ. ಕೊಳ್ಳಲು ಅದೇ ಕಾರಣವಲ್ಲ. ಬಡ್ಡಿಯಿಲ್ಲದ ಕಂತಿನ ಮಾತನ್ನಂತೂ ನಂಬಬಾರದು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು ೨೦೧೩ರಲ್ಲಿಯೇ ಬ್ಯಾಂಕುಗಳಿಗೆ ಹೇಳಿದೆ.

ಹಾಗಾದರೆ ಯಾವಾಗ? ನನ್ನ ಉತ್ತರ ಇಷ್ಟು. ಮನೆಯ ಸೆಟ್ಟು ಕೆಲಸ ಮಾಡುತ್ತಿರುವವರೆಗೆ ಅದನ್ನು ಹೊರಹಾಕಬೇಡಿ. ಅದು ಕೆಟ್ಟು, ರಿಪೇರಿಗೂ ಬಗ್ಗದಾದಾಗ, ಕುಳಿತುಕೊಳ್ಳುವ ಸ್ಥಳದಿಂದ ಗೋಡೆಗೆ ದೂರವನ್ನು ಟೇಪು ಹಿಡಿದು ಅಳೆಯಿರಿ. ಚಿಕ್ಕ ಪರದೆ ಸಾಕಾದರೆ ಫೋರ್‌ಕೆಯ ಗೊಡವೆ ಬೇಡ. ೪೩ ಅಂಗುಲ ಅಥವಾ ಅದಕ್ಕಿಂತ ದೊಡ್ಡದು ಬೇಕಾದರೆ ಈಗ ಅಂಗಡಿಯಲ್ಲಿರುವವು ಬಹುಪಾಲು ಫೋರ್‌ಕೆಯೇ; ತೆಗೆದುಕೊಳ್ಳಿ, ಆದರೆ ಆ ಹೆಸರಿಗಾಗಿ ಹೆಚ್ಚು ಹಣ ತೆರಬೇಡಿ. ಹಳೆಯ ಚಿತ್ರನಳಿಕೆಯ ಗಾಜಿನಲ್ಲಿ ಸೀಸವಿರುತ್ತದೆ. ಅದನ್ನು ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ನೋಡುವುದಕ್ಕೆ ಹೀಗೆ ತಾಳ್ಮೆಯನ್ನು ಹೇಳಿದ ನಾನು ಚಿತ್ರ ತೆಗೆಯುವುದಕ್ಕೆ ಇದರ ತಿರುಗನ್ನು ಹೇಳುತ್ತೇನೆ. ತೆಗೆಯುವಾಗ ಈಗಲೇ ಫೋರ್‌ಕೆ. ಪೆಟ್ಟಿಗೆಯನ್ನು ಹತ್ತು ವರ್ಷ ತಡೆದು ಕೊಂಡರೆ ನಷ್ಟವಿಲ್ಲ. ಇಂದು ತೆಗೆದ ಚಿತ್ರದಲ್ಲಿ ಇಲ್ಲದುದನ್ನು ಹತ್ತು ವರ್ಷದ ಮೇಲೆ ಯಾರೂ ತಂದು ಸೇರಿಸಲಾರರು. ಗಿರೀಶ್ ಕಾಸರವಳ್ಳಿಯವರ ೧೯೭೭ರ ‘ಘಟಶ್ರಾದ್ಧ’ವನ್ನೇ ನೋಡಿ. ಅದನ್ನು ಫೋರ್‌ಕೆಯಲ್ಲಿ ಜೀರ್ಣೋದ್ಧಾರ ಮಾಡಿ ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಂದಿನ ಫಿಲ್ಮು ಅಂದಿನ ಟೆಲಿವಿಷನ್ ತೋರಿಸಬಲ್ಲುದಕ್ಕಿಂತ ಹೆಚ್ಚು ವಿವರವನ್ನು ಹಿಡಿದಿಟ್ಟಿದ್ದುದರಿಂದ ಇದು ಸಾಧ್ಯವಾಯಿತು. ಇದಕ್ಕೆ ಬದಲಾಗಿ ವಿ.ಸಿ.ಡಿ. ತಟ್ಟೆಯಲ್ಲಿ ಮಾತ್ರ ಉಳಿದ ಚಿತ್ರದ ಗತಿಯೇನು? ಅದರಲ್ಲಿರುವುದು ೩೫೨ಕ್ಕೆ ೨೮೮, ಒಂದು ಲಕ್ಷದಷ್ಟು ಚುಕ್ಕೆಗಳು. ಎಂಥ ಪರದೆಯಲ್ಲಿ ಹಾಕಿದರೂ ಅಷ್ಟೇ.

ನಮ್ಮಲ್ಲಿ ಅನೇಕರ ಕೈಯಲ್ಲಿರುವ ಫೋನು ಫೋರ್‌ಕೆಯಲ್ಲಿ ಚಿತ್ರ ತೆಗೆಯಬಲ್ಲುದು. ಸೆಟ್ಟಿಂಗಿನಲ್ಲಿ ಒಮ್ಮೆ ಒತ್ತಿದರಾಯಿತು. ಎರಡು ಮೂರು ಪಟ್ಟು ಜಾಗ ಹಿಡಿಯುತ್ತದೆ, ಹಿಡಿಯಲಿ. ಅಜ್ಜಿಯ ಸೋಬಾನೆ ಪದ, ಬೀಸುಕಲ್ಲಿನ ಹಾಡು, ಊರ ದೊಡ್ಡಾಟ, ಈಗ ಕೆಲವೇ ಕೈಗಳಿಗೆ ಬರುವ ಕಂಬಳಿ ನೇಯ್ಗೆ, ಇವು ನಮ್ಮ ಅನುಕೂಲಕ್ಕಾಗಿ ಕಾಯುವುದಿಲ್ಲ. ತೆಗೆದುದನ್ನು ವಾಟ್ಸಾಪಿನಲ್ಲಿ ಹಂಚಿ ಮರೆತರೆ ಚಿತ್ರ ಅಲ್ಲಿ ಹಿಂಡಿ ಹಿಪ್ಪೆಯಾಗುತ್ತದೆ. ಮೂಲವನ್ನು ಬೇರೆ ಬೇರೆ ಕಡೆ ಎರಡು ಪ್ರತಿಗಳಲ್ಲಿ ಇಡಬೇಕು. ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿ ಇದಕ್ಕೊಂದು ಹಾರ್ಡ್ ಡಿಸ್ಕನ್ನು ಇರಿಸುವುದಾದರೆ, ಒಂದು ಟೆಲಿವಿಷನ್ನಿನ ಬೆಲೆಗಿಂತ ಕಡಿಮೆ ಹಣದಲ್ಲಿ ಹತ್ತಾರು ಊರುಗಳ ನೆನಪು ಉಳಿದೀತು. ಅಧ್ಯಾಪಕವರ್ಗದವರು ಇದನ್ನು ದಯವಿಟ್ಟು ಆಲೋಚಿಸಬೇಕೆಂದು ಬಿನ್ನವಿಸುತ್ತೇನೆ.

ಕೊಳ್ಳುವುದರಲ್ಲಿ ಹಿಂದುಳಿದರೆ ಯಾರೂ ಬಡವರಾಗುವುದಿಲ್ಲ. ಉಳಿಸಿಕೊಳ್ಳುವುದರಲ್ಲಿ ಹಿಂದುಳಿದರೆ ಮುಂದೆ ಎಂಥ ಪರದೆಯನ್ನು ತಂದಿಟ್ಟರೂ ಅದರ ಮೇಲೆ ತೋರಿಸಲು ನಮ್ಮದೆಂಬುದೇ ಇರುವುದಿಲ್ಲ.