ತೂಕ ಹೊತ್ತ ಕುದುರೆ, ಹಿಂದೆ ನಿಂತ ಹುಡುಗಿ

ಉದಕಮಂಡಲದ ಬಸ್ ನಿಲ್ದಾಣದಲ್ಲಿ ಇಳಿದವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಕುದುರೆ ಪಂದ್ಯದ ಹಸಿರು ಬಯಲು. ನಮ್ಮ ಹುಬ್ಬತಲೈಯಿಂದ ವರ್ಷಕ್ಕೊಮ್ಮೆ, ಬೇಸಗೆಯ ರಜೆಯಲ್ಲಿ, ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಬೇಲಿಯ ಹೊರಗೆ ನಿಂತು ಕುದುರೆಗಳನ್ನು ನೋಡುವುದು, ಹುರಿದ ಕಡಲೆ ತಿನ್ನುವುದು, ಸಂಜೆಯ ಬಸ್ಸಿಗೆ ಹಿಂದಿರುಗುವುದು, ಇಷ್ಟೇ ನಮ್ಮ ಕಾರ್ಯಕ್ರಮ. ಒಳಗೆ ಹೋಗಲು ಕಾಸು ಇರಲಿಲ್ಲ. ಹಣ ಕಟ್ಟುವ ಚಾಳಿಯಂತೂ ನಮ್ಮ ಮನೆಗೆ ಹತ್ತಲೇ ಇಲ್ಲ. ಆ ಚಾಳಿಯಿಂದ ತೋಟ ಮಾರಿಕೊಂಡವರನ್ನು ನಾವೆಲ್ಲ ಕಂಡವರೇ. ಆದುದರಿಂದ ಈ ಲೇಖನವನ್ನು ಜೂಜಿನ ಹೊಗಳಿಕೆಯೆಂದು ವಾಚಕರು ದಯವಿಟ್ಟು ಭಾವಿಸಬಾರದು. ನನ್ನನ್ನು ಅಂದಿನಿಂದ ಇಂದಿನವರೆಗೆ ಹಿಡಿದಿಟ್ಟಿರುವುದು ಆ ಆಟದ ನಿಯಮ.

ಒಂದು ವರ್ಷ ಅಪ್ಪ ನನಗೊಂದು ಸಂಗತಿಯನ್ನು ತೋರಿಸಿದರು. ಕಳೆದ ಸಲ ಗೆದ್ದ ಕುದುರೆಯ ಬೆನ್ನಿನ ಮೇಲೆ, ಜೀನಿನ ಕೆಳಗೆ, ಸೀಸದ ತುಂಡುಗಳನ್ನು ಇಟ್ಟಿರುತ್ತಾರೆಂದೂ, ಗೆದ್ದಷ್ಟೂ ಅದರ ಹೊರೆ ಹೆಚ್ಚುತ್ತದೆಂದೂ ಹೇಳಿದರು. ನನಗೆ ಆಗ ಹತ್ತು ವರ್ಷವಿದ್ದೀತು. “ಗೆದ್ದುದಕ್ಕೆ ಹೊರೆ ಹೊರಿಸುವುದು ನ್ಯಾಯವೇ ಅಪ್ಪ?” ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಒಂದೇ ಕುದುರೆ ಯಾವಾಗಲೂ ಗೆಲ್ಲುವುದಾದರೆ ಉಳಿದವು ಏಕೆ ಓಡಬೇಕು?” ಎಂದರು. ನನ್ನ ಪ್ರಶ್ನೆಗೆ ಅದು ಉತ್ತರವಲ್ಲ. ಆದರೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಬಹುಕಾಲ ದೊರೆಯಲೂ ಇಲ್ಲ.

ಈ ಪದ್ಧತಿಗೆ ಹ್ಯಾಂಡಿಕ್ಯಾಪ್ ಎಂದು ಹೆಸರು. ಪ್ರತಿ ಕುದುರೆಗೂ ಅದರ ಹಿಂದಿನ ಓಟಗಳನ್ನು ನೋಡಿ ಅಂಕ ಕೊಡುತ್ತಾರೆ. ಅಂಕ ಹೆಚ್ಚಾದಷ್ಟೂ ಹೊರಬೇಕಾದ ತೂಕ ಹೆಚ್ಚು. ಉದಾಹರಣೆಗೆ, ಉತ್ತಮ ಕುದುರೆಗೆ 60 ಕಿಲೋ ಗೊತ್ತಾದರೆ, ಸಾಧಾರಣವಾದುದಕ್ಕೆ 52 ಕಿಲೋ. ಸವಾರ ಮತ್ತು ಜೀನು ಸೇರಿ ಅಷ್ಟಾಗದಿದ್ದರೆ ಸೀಸವನ್ನು ಸೇರಿಸಿ ಸರಿದೂಗಿಸುತ್ತಾರೆ. ಓಟಕ್ಕೆ ಮುಂಚೆ ಸವಾರನನ್ನು ಜೀನಿನೊಡನೆ ತಕ್ಕಡಿಯಲ್ಲಿ ತೂಗುತ್ತಾರೆ. ಓಟ ಮುಗಿದ ಮೇಲೆ ಮತ್ತೆ ತೂಗುತ್ತಾರೆ. ದಾರಿಯಲ್ಲಿ ಸೀಸ ಕಳಚಿ ಹೋಗಿದ್ದರೆ ಗೆಲುವೂ ಕಳಚಿ ಹೋಗುತ್ತದೆ. ಡರ್ಬಿಯಂತಹ ದೊಡ್ಡ ಪಂದ್ಯಗಳ ಕ್ರಮ ಬೇರೆ. ಅಲ್ಲಿ ಗಂಡು ಕುದುರೆಗಳಿಗೆಲ್ಲ ಒಂದೇ ತೂಕ, ಹೆಣ್ಣು ಕುದುರೆಗೆ ಸ್ವಲ್ಪ ರಿಯಾಯಿತಿ. ಯಾರು ಶ್ರೇಷ್ಠರೆಂದು ತಿಳಿಯಬೇಕಾದಾಗ ಹೊರೆಯನ್ನು ಸಮಮಾಡುತ್ತಾರೆ. ಎಲ್ಲರಿಗೂ ಗೆಲ್ಲುವ ಆಸೆ ಉಳಿಯಬೇಕಾದಾಗ ಹೊರೆಯನ್ನು ಹಂಚುತ್ತಾರೆ. ಈ ಎರಡೂ ನ್ಯಾಯವೇ. ಆದರೆ ಎರಡೂ ಒಂದೇ ನ್ಯಾಯವಲ್ಲ.

ನಮ್ಮ ಹಟ್ಟಿಗಳ ಜನರಿಗೆ ತಕ್ಕಡಿಯ ಮಹತ್ವವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಚಹದ ಹಸಿರೆಲೆಯನ್ನು ಗೋಣಿಯಲ್ಲಿ ಹೊತ್ತು ತೂಕಕ್ಕೆ ಇಡುವವರು ನಾವು. ಮಳೆಗಾಲದಲ್ಲಿ ಎಲೆಯ ಮೇಲಿನ ನೀರಿಗೆಂದು ಕಿಲೋಗಟ್ಟಲೆ ಕಳೆಯುವುದುಂಟು. ಕಳೆಯುವುದು ತಪ್ಪೆಂದು ನಮ್ಮವರು ಹೇಳುವುದಿಲ್ಲ. ನೀರಿಗೆ ಯಾರು ಹಣ ಕೊಟ್ಟಾರು? ಎಷ್ಟು ಕಳೆಯುತ್ತೀರಿ, ಯಾವ ಲೆಕ್ಕದಿಂದ ಕಳೆಯುತ್ತೀರಿ ಎಂಬುದನ್ನು ಮೊದಲೇ ಹೇಳಿ ಎಂಬುದಷ್ಟೇ ಅವರ ಬೇಡಿಕೆ. ನಿಯಮ ಕಠಿಣವಾಗಿದ್ದರೆ ಮನುಷ್ಯ ಸಹಿಸಿಕೊಳ್ಳುತ್ತಾನೆ. ನಿಯಮ ಕಾಣದೆ ಇದ್ದರೆ ಸಹಿಸಲಾರ.

ಈ ಮಾತಿಗೆ ನಮ್ಮ ಬೆಟ್ಟದಲ್ಲಿಯೇ ಒಂದು ಹಳೆಯ ದೃಷ್ಟಾಂತವಿದೆ. ಇಂದು ಲೋಕವೆಲ್ಲ ಆಡುವ ಸ್ನೂಕರ್ ಆಟವನ್ನು ನೆವಿಲ್ ಚೇಂಬರ್ಲೇನ್ ಎಂಬ ಸೇನಾಧಿಕಾರಿ 1875ರಲ್ಲಿ ಜಬಲ್ಪುರದಲ್ಲಿ ರೂಪಿಸಿದನೆಂದು ಹೇಳುತ್ತಾರೆ. ಆದರೆ ಅದರ ನಿಯಮಗಳು ಬರಹಕ್ಕೆ ಇಳಿದು ಗೋಡೆಯನ್ನೇರಿದುದು 1882ರಲ್ಲಿ, ಉದಕಮಂಡಲದ ಊಟಿ ಕ್ಲಬ್ಬಿನಲ್ಲಿ. ಆ ಕ್ಲಬ್ಬಿನ ಬಾಗಿಲು ಅಂದು ನಮ್ಮ ಅಜ್ಜಂದಿರಿಗೆ ತೆರೆದಿರಲಿಲ್ಲ, ಅದು ಬೇರೆ ಮಾತು. ಆದರೂ ಆಟ ತೊಡಗುವ ಮುನ್ನ ನಿಯಮವನ್ನು ಎಲ್ಲರ ಕಣ್ಣಿಗೆ ಕಾಣುವಂತೆ ತೂಗುಹಾಕಬೇಕೆಂಬ ಬುದ್ಧಿ ಯಾರದಾದರೂ ನಾವು ಕಲಿಯತಕ್ಕದ್ದೇ. ಅದನ್ನು ನಾನು ಕಲಿತುದು ಮಾತ್ರ ತಡವಾಗಿ, ಒಂದು ಮಗುವಿನ ಕಣ್ಣೀರಿನಿಂದ.

ನಾನು ಮುಖ್ಯೋಪಾಧ್ಯಾಯನಾಗಿರುವುದು ಒಂದು ಚಿಕ್ಕ ಹಳ್ಳಿಯ ಶಾಲೆಗೆ. ಮಕ್ಕಳ ಸಂಖ್ಯೆ ಕಡಿಮೆ. ಆಟೋಟದ ದಿನ ತರಗತಿಗೊಂದು ಓಟವಿಡಲು ಮಕ್ಕಳು ಸಾಲರು. ಮೂರರಿಂದ ಐದನೆಯ ತರಗತಿಯವರೆಗೆ ಎಲ್ಲರೂ ಒಟ್ಟಿಗೆ ಓಡಬೇಕು. ವರ್ಷ ವರ್ಷವೂ ಐದನೆಯ ತರಗತಿಯ ಯಾರೋ ಒಬ್ಬರು ಗೆಲ್ಲುವರು. ಮೂರನೆಯ ತರಗತಿಯ ಮಕ್ಕಳು ಅರ್ಧದಲ್ಲಿಯೇ ನಿಂತು ಚಪ್ಪಾಳೆ ತಟ್ಟುವರು. ಇದನ್ನು ನೋಡಿ ನೋಡಿ ನನಗೆ ಅಪ್ಪನ ಮಾತು ನೆನಪಾಯಿತು. ಉಳಿದವರು ಏಕೆ ಓಡಬೇಕು?

ಕೆಲವು ವರ್ಷಗಳ ಹಿಂದೆ ನಾನೊಂದು ಉಪಾಯ ಹೂಡಿದೆ. ಆಟೋಟಕ್ಕೆ ಒಂದು ವಾರ ಮುಂಚೆ ಮಕ್ಕಳನ್ನೆಲ್ಲ ಓಡಿಸಿ, ಗಡಿಯಾರ ಹಿಡಿದು ವೇಳೆಯನ್ನು ಬರೆದುಕೊಂಡೆ. ಮಕ್ಕಳ ಬೆನ್ನಿಗೆ ಸೀಸ ಕಟ್ಟಲಾಗುವುದಿಲ್ಲವಷ್ಟೆ. ಅದಕ್ಕೆ ಬದಲಾಗಿ ಸುಣ್ಣದ ಗೆರೆಗಳನ್ನು ಬೇರೆ ಬೇರೆ ದೂರದಲ್ಲಿ ಎಳೆದೆ. ನಿಧಾನದವರು ಮುಂದಿನ ಗೆರೆಯಿಂದ 60 ಮೀಟರು ಓಡಬೇಕು. ಎಲ್ಲರಿಗಿಂತ ವೇಗದವರು ಹಿಂದಿನ ಗೆರೆಯಿಂದ 68 ಮೀಟರು ಓಡಬೇಕು. ಈ ಲೆಕ್ಕವನ್ನು ಮಕ್ಕಳಿಗೆ ಹೇಳಲಿಲ್ಲ. ಹೇಳಿದರೆ ಬೇಕೆಂದೇ ಮೆಲ್ಲಗೆ ಓಡಿಯಾರೆಂಬ ಭಯ ನನ್ನದು.

ಆ ದಿನ ಪೋಷಕರು ಬಂದರು, ಹಟ್ಟಿಯ ಹಿರಿಯರು ಬಂದರು. ಓಟ ಬಹಳ ಸೊಗಸಾಗಿಯೇ ನಡೆಯಿತು. ಎಲ್ಲ ಮಕ್ಕಳೂ ಕೊನೆಯ ಗೆರೆಯ ಬಳಿ ಗುಂಪಾಗಿ ಬಂದರು. ಹಿಂದಿನ ಗೆರೆಯಿಂದ ಹೊರಟಿದ್ದ ಐದನೆಯ ತರಗತಿಯ ಹುಡುಗಿ ಒಂದು ಗೇಣಿನಲ್ಲಿ ಸೋತಳು. ಮುಂದಿನ ಗೆರೆಯ ಒಬ್ಬ ಹುಡುಗ ಗೆದ್ದ. ಜನ ಕುಣಿದಾಡಿದರು. ನಾನು ನನ್ನ ಜಾಣ್ಮೆಗೆ ನಾನೇ ಮೆಚ್ಚಿಕೊಳ್ಳುತ್ತಿರುವಾಗ ಆ ಹುಡುಗಿ ಬಂದು ನಿಂತಳು. ಕಣ್ಣಿನಲ್ಲಿ ನೀರಿತ್ತು, ಧ್ವನಿಯಲ್ಲಿ ಇರಲಿಲ್ಲ. “ಸಾರ್, ಆ ದಿನ ನಾನು ವೇಗವಾಗಿ ಓಡಿದ್ದು ತಪ್ಪಾ?” ಎಂದು ಕೇಳಿದಳು.

ನಲವತ್ತು ವರ್ಷಗಳ ಹಿಂದೆ ಬೇಲಿಯ ಬಳಿ ನಾನು ಕೇಳಿದ ಪ್ರಶ್ನೆಯೇ ಅದು. ಉತ್ತರ ಹೇಳಬೇಕಾದ ಸ್ಥಾನದಲ್ಲಿ ಈಗ ನಾನಿದ್ದೆ. ನನ್ನ ಬಳಿ ಉತ್ತರವಿರಲಿಲ್ಲ.

ಎರಡು ದಿನಗಳ ಬಳಿಕ ಇನ್ನೊಂದು ಸಂಗತಿ ಹೊರಬಿದ್ದಿತು. ಗೆದ್ದ ಹುಡುಗ ಪರೀಕ್ಷೆಯ ಓಟದಲ್ಲಿ ಬೇಕೆಂದೇ ನಿಧಾನಿಸಿದ್ದನಂತೆ. ನಾನು ಜಗಲಿಯಲ್ಲಿ ಸಹೋಪಾಧ್ಯಾಯರೊಡನೆ ಈ ಉಪಾಯವನ್ನು ಮಾತನಾಡುತ್ತಿದ್ದಾಗ ಅವನ ಅಣ್ಣ ಕೇಳಿಸಿಕೊಂಡು ತಮ್ಮನಿಗೆ ಹೇಳಿದ್ದ. ವಾಚಕರು ಗಮನಿಸಬೇಕು: ಗುಟ್ಟಾಗಿ ಇಟ್ಟ ನಿಯಮ ಗುಟ್ಟಾಗಿ ಉಳಿಯುವುದಿಲ್ಲ. ಅದು ಜಗಲಿಯ ಹತ್ತಿರ ಇರುವವರಿಗೆ ತಿಳಿಯುತ್ತದೆ, ದೂರ ಇರುವವರಿಗೆ ತಿಳಿಯುವುದಿಲ್ಲ. ಅಲ್ಲಿಗೆ ನ್ಯಾಯಕ್ಕಾಗಿ ಮಾಡಿದ ನಿಯಮವೇ ಅನ್ಯಾಯದ ಬೇರಾಗುತ್ತದೆ.

ಇದು ನನ್ನೊಬ್ಬನ ಅನುಭವವಲ್ಲವೆಂದು ತೋರಿಸಿದವನು ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ಅಲ್ಲಿ ಸ್ಪೀಡ್‌ವೇ ಎಂಬ ಮೋಟಾರ್ ಸೈಕಲ್ ಪಂದ್ಯದ ಹುಚ್ಚು ಹಿಡಿದಿದೆ. ಬ್ರಿಟನ್ನಿನಲ್ಲಿ ಈ ಆಟ ಬೇರೂರಿದುದು 1928ರ ಫೆಬ್ರವರಿ 19ರಂದು ಹೈ ಬೀಚ್ ಎಂಬಲ್ಲಿ ನಡೆದ ಪಂದ್ಯದಿಂದ. ಬ್ರೇಕೇ ಇಲ್ಲದ, ಒಂದೇ ಗೇರಿನ ಬಂಡಿಗಳು. ಒಂದು ಓಟಕ್ಕೆ ನಾಲ್ವರು ಸವಾರರು. ಮಣ್ಣಿನ ದುಂಡು ಹಾದಿಯಲ್ಲಿ ನಾಲ್ಕು ಸುತ್ತು. ಮೊದಲಿಗನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಒಳಬದಿಯ ಜಾಗಕ್ಕೂ ಹೊರಬದಿಯ ಜಾಗಕ್ಕೂ ಅನುಕೂಲದಲ್ಲಿ ವ್ಯತ್ಯಾಸವಿರುವುದರಿಂದ, ಹೊರಡುವ ಜಾಗಗಳನ್ನು ಸರದಿಯಂತೆ ಬದಲಿಸುತ್ತಾರೆ. ಇದನ್ನು ಯಾರೂ ಆಕ್ಷೇಪಿಸುವುದಿಲ್ಲ.

ತಕರಾರು ಏಳುವುದು ಬೇರೆ ಕಡೆ. ಹಣವುಳ್ಳ ತಂಡವೊಂದೇ ಒಳ್ಳೆಯ ಸವಾರರನ್ನೆಲ್ಲ ಕೊಳ್ಳಬಾರದೆಂದು, ಒಂದು ತಂಡದ ಸವಾರರ ಸರಾಸರಿ ಅಂಕಗಳ ಮೊತ್ತ ಇಂತಿಷ್ಟನ್ನು ಮೀರಕೂಡದೆಂಬ ಕಟ್ಟಳೆ ಮಾಡಿದ್ದಾರೆ. ಫಲವೇನೆಂದರೆ, ಒಂದು ವರ್ಷ ಚೆನ್ನಾಗಿ ಓಡಿ ಸರಾಸರಿ ಹೆಚ್ಚಿಸಿಕೊಂಡ ಸವಾರನಿಗೆ ಮರುವರ್ಷ ತನ್ನ ತಂಡದಲ್ಲಿಯೇ ಜಾಗ ಸಿಕ್ಕದೆ ಹೋಗಬಹುದು. ಇನ್ನು, ಹಿಂದೆ ಬಿದ್ದ ತಂಡದ ಸವಾರನೊಬ್ಬನಿಗೆ ಒಂದು ಓಟದಲ್ಲಿ ಇಮ್ಮಡಿ ಅಂಕ ಕೊಡುವ ನಿಯಮವೂ ಕೆಲವು ಕಾಲ ಅಲ್ಲಿದ್ದಿತು. “ಪಂದ್ಯ ಕೊನೆಯವರೆಗೆ ಬಿಗಿಯಾಗಿರುತ್ತದೆ” ಎಂದು ಕೆಲವರು, “ಗಳಿಸದ ಅಂಕವನ್ನು ದಾನ ಮಾಡುವುದು ಆಟವೇ?” ಎಂದು ಕೆಲವರು. ನನ್ನ ವಿದ್ಯಾರ್ಥಿ ಎರಡನೆಯ ಪಕ್ಷದವನು. ನಮ್ಮ ಶಾಲೆಯ ಹುಡುಗಿಯ ಪ್ರಶ್ನೆಯನ್ನೇ ಸಾವಿರಾರು ಮೈಲಿ ದೂರದ ಜನರೂ ಕೇಳುತ್ತಿದ್ದಾರೆಂದು ನನಗೆ ಆಶ್ಚರ್ಯವೂ ಸಮಾಧಾನವೂ ಆಯಿತು.

ಕನ್ನಡನಾಡಿನ ಕರಾವಳಿಯ ಕಂಬಳದವರು ಇದಕ್ಕೆ ಬೇರೊಂದು ದಾರಿ ಕಂಡುಕೊಂಡಿದ್ದಾರೆ. ಅಲ್ಲಿ ಗೆದ್ದ ಕೋಣಕ್ಕೆ ಹೊರೆ ಹೊರಿಸುವುದಿಲ್ಲ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ವಿಭಾಗ ಮಾಡಿ, ಸಮಾನರನ್ನು ಸಮಾನರೊಡನೆ ಓಡಿಸುತ್ತಾರೆ. ಕೋಣಗಳ ಸಂಖ್ಯೆ ಸಾಕಷ್ಟಿರುವಲ್ಲಿ ಇದೇ ಉತ್ತಮ ಪದ್ಧತಿ. ಆದರೆ ಬೆರಳೆಣಿಕೆಯ ಮಕ್ಕಳಿರುವ ಶಾಲೆಯಲ್ಲಿ ವಿಭಾಗ ಮಾಡಿದರೆ ಒಬ್ಬೊಬ್ಬರೇ ಓಡಬೇಕಾದೀತು.

ಹಾಗಾದರೆ ಕುದುರೆ ಪಂದ್ಯದವರು ಕಳ್ಳಾಟವನ್ನು ತಡೆಯುವುದು ಹೇಗೆ? ಹೊರೆ ಕಡಿಮೆಯಾಗಲೆಂದು ಕುದುರೆಯನ್ನು ಬಿಗಿಹಿಡಿದು ಓಡಿಸುವ ಆಸೆ ಅಲ್ಲಿಯೂ ಹುಟ್ಟುತ್ತದೆ. ಅದಕ್ಕೆ ಅವರಲ್ಲಿ ಸ್ಟೂವರ್ಡ್‌ಗಳೆಂಬ ಮೇಲ್ವಿಚಾರಕರಿದ್ದಾರೆ. ಪ್ರತಿ ಕುದುರೆಯನ್ನೂ ಅದರ ಶಕ್ತಿಯಿದ್ದಷ್ಟು ಓಡಿಸಿದರೋ ಇಲ್ಲವೋ ಎಂದು ವಿಚಾರಿಸಿ, ತಪ್ಪಿದ ಸವಾರನನ್ನು ದಂಡಿಸುವ ಅಧಿಕಾರ ಅವರಿಗಿದೆ. ಸೋತವನು ಆಕ್ಷೇಪಣೆ ಸಲ್ಲಿಸಬಹುದು. ಅದು ತೀರ್ಮಾನವಾಗುವವರೆಗೆ ಫಲಿತಾಂಶ ನಿಲ್ಲುತ್ತದೆ. ಎಂದರೆ ಬರೆದ ನಿಯಮ, ನೋಡುವ ಕಣ್ಣು, ಕೇಳುವ ಹಕ್ಕು ಈ ಮೂರೂ ಕೂಡಿದಾಗಲೇ ಹೊರೆಯ ಹಂಚಿಕೆ ನ್ಯಾಯವಾಗುತ್ತದೆ. ನನ್ನ ಓಟದಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ.

ಮರುವಾರದ ಪ್ರಾರ್ಥನೆಯಲ್ಲಿ ಮಕ್ಕಳ ಮುಂದೆ ತಪ್ಪು ನನ್ನದೆಂದು ಒಪ್ಪಿಕೊಂಡೆ. ಹುಡುಗನ ಹೆಸರೆತ್ತಲಿಲ್ಲ, ಕೊಟ್ಟ ಬಹುಮಾನವನ್ನು ಹಿಂದಕ್ಕೆ ಪಡೆಯಲೂ ಇಲ್ಲ. ದೊಡ್ಡವರು ತೆರೆದಿಟ್ಟ ಕಿಂಡಿಯಲ್ಲಿ ನುಸುಳಿದ ಮಗುವನ್ನು ದಂಡಿಸುವುದು ನನಗೆ ಸರಿತೋರಲಿಲ್ಲ. ಉಳಿದವರಿಗಿಂತ ಎಂಟು ಮೀಟರು ಹೆಚ್ಚು ಓಡಿಯೂ ಒಂದು ಗೇಣು ಮಾತ್ರ ಹಿಂದುಳಿದ ಹುಡುಗಿಯೇ ಅಂದಿನ ಅತಿ ವೇಗದ ಓಟಗಾರ್ತಿ ಎಂದು ಲೆಕ್ಕ ಬಿಡಿಸಿ ಕಪ್ಪುಹಲಗೆಯ ಮೇಲೆ ತೋರಿಸಿದೆ. ಅವಳಿಗೆ ಪೂರ್ತಿ ಸಮಾಧಾನವಾಯಿತೆಂದು ನಾನು ಹೇಳಲಾರೆ. ಮುಂದಿನ ವರ್ಷ ಅವಳು ಬೇರೆ ಶಾಲೆಗೆ ಹೋದಳು.

ಅಂದಿನಿಂದ ನಮ್ಮ ಶಾಲೆಯ ಗೋಡೆಯ ಮೇಲೆ ಮೂರು ಸಾಲುಗಳ ಒಂದು ಹಾಳೆ ಇದೆ. ಮೊದಲನೆಯದು: ಒಂದೇ ಗೆರೆಯಿಂದ ಒಂದು ಓಟ ನಡೆಯುವುದು, ಶಾಲೆಯ ಶ್ರೇಷ್ಠ ಓಟಗಾರನೆಂಬ ಹೆಸರು ಅದರಲ್ಲಿ ಗೆದ್ದವರಿಗೆ. ಎರಡನೆಯದು: ಬೇರೆ ಬೇರೆ ಗೆರೆಗಳ ಓಟವೂ ನಡೆಯುವುದು, ವರ್ಷದಲ್ಲಿ ಮೂರು ಸಲ ಓಡಿಸಿ, ಅವುಗಳಲ್ಲಿ ಅತ್ಯುತ್ತಮ ವೇಳೆಯಿಂದ ಗೆರೆ ಗೊತ್ತುಮಾಡುವುದು, ಹೊರಗಿನ ಪಂದ್ಯಗಳಿಗೆ ಮಕ್ಕಳನ್ನು ಆರಿಸುವುದೂ ಅದೇ ವೇಳೆಯಿಂದ. ಆದುದರಿಂದ ಮೆಲ್ಲಗೆ ಓಡಿದವನಿಗೆ ಲಾಭದ ಜೊತೆಗೆ ನಷ್ಟವೂ ಇದೆ. ಮೂರನೆಯದು: ಬಹುಮಾನ ಕೊಡುವ ಮುನ್ನ ಯಾವ ಮಗುವಾದರೂ ಪ್ರಶ್ನೆ ಕೇಳಬಹುದು, ಉಪಾಧ್ಯಾಯರು ಉತ್ತರ ಹೇಳತಕ್ಕದ್ದು. ಈ ಮೂರನೆಯ ಸಾಲನ್ನು ಮಕ್ಕಳು ಧಾರಾಳವಾಗಿ ಬಳಸಿಕೊಳ್ಳುತ್ತಿದ್ದಾರೆ. ಆಟೋಟ ಮುಗಿಯುವಾಗ ಕತ್ತಲಾಗುವುದೂ ಉಂಟು.

ಉದಕಮಂಡಲದ ಆ ಬಯಲನ್ನು, ಗುತ್ತಿಗೆಯ ಬಾಕಿಯ ವಿವಾದದಲ್ಲಿ, 2024ರ ಜೂನ್ ತಿಂಗಳಲ್ಲಿ ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಉದ್ಯಾನವಾದರೆ ಬೇಲಿಯ ಹೊರಗೆ ನಿಂತಿದ್ದ ನಮ್ಮಂಥವರ ಮಕ್ಕಳು ಒಳಗೆ ನಡೆದಾಡಿಯಾರು, ಅದು ಸಂತೋಷವೇ. ಆದರೆ ತಕ್ಕಡಿಯಲ್ಲಿ ಎರಡು ಸಲ ತೂಗುವ ಆ ಪದ್ಧತಿಯನ್ನು ನಾವು ಮರೆಯಬಾರದು. ಓಡುವ ಮೊದಲು ಒಮ್ಮೆ, ಓಡಿದ ಮೇಲೆ ಒಮ್ಮೆ. ಮನೆಯಲ್ಲಿ ಇಬ್ಬರು ಮಕ್ಕಳಿರುವ ತಾಯಿ ತಂದೆಯರೂ ದಿನದಿನವೂ ಹೊರೆ ಹಂಚುವವರೇ ಅಲ್ಲವೇ? “ನೀನು ದೊಡ್ಡವಳು, ನೀನೇ ಬಿಟ್ಟುಕೊಡು” ಎಂದು ನಾವು ಎಷ್ಟು ಸಲ ಹೇಳಿಲ್ಲ! ಹೇಳುವುದು ತಪ್ಪಲ್ಲ. ಏಕೆಂದು ಅವಳಿಗೆ ತಿಳಿಸಿದೆವೇ, ಅವಳು ಕೇಳಿದರೆ ಉತ್ತರ ಕೊಟ್ಟೆವೇ ಎಂಬುದನ್ನು ಮಾತ್ರ ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ ತೂಗಿ ನೋಡಬೇಕು.

ಗೆದ್ದವರ ಮೇಲೆ ಹೊರೆ ಹೊರಿಸುವುದು ನ್ಯಾಯವೇ ಎಂಬ ನನ್ನ ಹತ್ತನೆಯ ವಯಸ್ಸಿನ ಪ್ರಶ್ನೆಗೆ ಪೂರ್ಣವಾದ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಸಿಕ್ಕಿದವರು ಈ ಪತ್ರಿಕೆಗೆ ಬರೆದು ತಿಳಿಸಿದರೆ ಮುಂದಿನ ಆಟೋಟದ ಮೊದಲೇ ಗೋಡೆಯ ಹಾಳೆಯನ್ನು ತಿದ್ದಲು ನಾನು ಸಿದ್ಧನಿದ್ದೇನೆ.