1 ಟಿಬಿ ಮೋಹ ಬಿಡಿ, ಗುರುಗಳೇ!

ಶಾಲೆಯ ಹಳೇ ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್ ಹಾಕಿಸುವ ಮಾತು ಬಂದರೆ ನಮ್ಮವರದು ಒಂದೇ ರಾಗ: "1 ಟಿಬಿ ಹಾರ್ಡ್ ಡಿಸ್ಕ್ ಇರುವಾಗ 256 ಜಿಬಿ ಎಸ್‌ಎಸ್‌ಡಿ ಯಾಕ್ರೀ?" ಜಿಬಿ ಲೆಕ್ಕದಲ್ಲಿ ಹಾರ್ಡ್ ಡಿಸ್ಕೇ ಅಗ್ಗ, ಒಪ್ಪಿದೆ. ಆದರೆ ಅದರಲ್ಲಿ ತುಂಬುವುದೇನು? ಬಾಲಭಾರತಿಯ ಕನ್ನಡ ಪುಸ್ತಕಗಳ ಪಿಡಿಎಫ್, ನುಡಿಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಒಂದಿಷ್ಟು ಫೋಟೋ. ಇಷ್ಟಕ್ಕೆ 256 ಧಾರಾಳ.

ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗಬೇಕು, ಓದುವ ಮುಳ್ಳು ಹುಡುಕಬೇಕು. ಅಷ್ಟರಲ್ಲಿ ಪಿರಿಯಡ್ಡಿನ ಹತ್ತು ನಿಮಿಷ ಹೋಯಿತು. ಬಂದ್ ಮಾಡದೇ ಚೀಲಕ್ಕೆ ಹಾಕಿ ಡಫಳಾಪುರದಿಂದ ಜತ್ತಕ್ಕೆ ಬೈಕಿನಲ್ಲಿ ಹೊರಟರೆ, ಪ್ರತಿ ತಗ್ಗಿಗೂ ಮುಳ್ಳು ತಟ್ಟೆಗೆ ತಾಗುವ ಭಯ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಬರೇ ಚಿಪ್. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಳೇ ಡಿಸ್ಕಿನ ಜಾಗದಲ್ಲೇ ಕೂಡುತ್ತದೆ.

ಒಂದು ಎಚ್ಚರಿಕೆ: ಎಸ್‌ಎಸ್‌ಡಿ ಸುಳಿವು ಕೊಡದೇ ಕೆಡಬಹುದು. ಅದಕ್ಕೇ ಹಳೇ ಡಿಸ್ಕ್ ಎಸೆಯಬೇಡಿ. ಯುಎಸ್‌ಬಿ ಕೇಸಿಗೆ ಹಾಕಿ, ತಿಂಗಳಿಗೊಮ್ಮೆ ಎಲ್ಲದರ ನಕಲು ಇಡಿ.

ಗಡಿಯ ಕನ್ನಡ ಶಾಲೆಗೆ ಮಕ್ಕಳು ಬರುವುದೇ ಕಷ್ಟವಾಗಿದೆ. ಬಂದವರನ್ನೂ ಕಪ್ಪು ಪರದೆಯ ಮುಂದೆ ಕಾಯಿಸಿ, "ಇಂಗ್ಲಿಷ್ ಶಾಲೇನ ಚಲೋ" ಅನ್ನಿಸಬೇಕೇ? ಖಾಲಿ ಜಾಗಕ್ಕೆ ದುಡ್ಡು ಸುರಿಯಬೇಡಿ. ಮಕ್ಕಳ ಹೊತ್ತು ಉಳಿಸಿರಿ.