ಬಸ್ಸಿನಲ್ಲಿ ಹೋಗುವವನ ಪ್ರಾಣ ಅಗ್ಗವೇ?

ಕನ್ನಡಿಗರೇ, ಒಮ್ಮೆ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಹೋಗಿ ನೋಡಿ. ದಿನಕ್ಕೆ ಬೆರಳೆಣಿಕೆಯ ವಿಮಾನಗಳು. ಆದರೂ ಗುರುತಿನ ಚೀಟಿ ತೋರಿಸಬೇಕು, ಬ್ಯಾಗನ್ನು ಎಕ್ಸ್-ರೇ ಯಂತ್ರದೊಳಗೆ ತಳ್ಳಬೇಕು, ಕೈ ಅಗಲಿಸಿ ನಿಂತು ಮೈ ತಡವಿಸಿಕೊಳ್ಳಬೇಕು. ಅಲ್ಲಿಂದ ಸಬರ್ಬನ್ ಬಸ್ ನಿಲ್ದಾಣಕ್ಕೆ ಬನ್ನಿ. ಹಗಲೂ ರಾತ್ರಿ ಸಾವಿರಾರು ಜನ. ಎಲ್ಲಾದರೂ ಬಾಂಬ್ ಸಿಡಿದ ಮಾರನೆ ದಿನ ಪೊಲೀಸ್ ನಾಯಿ ಮೂಸಿ ಹೋಗುತ್ತದೆ. ಉಳಿದ ದಿನ ಚೀಲದಲ್ಲಿ ಏನಿದೆ ಎಂದು ಕೇಳುವವರಿಲ್ಲ!

ಅಪಾಯ ಆಕಾಶದಲ್ಲಿ ಮಾತ್ರ ಇದೆಯೇ? 2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯದ ಆವರಣದ ಶೌಚಾಲಯದಲ್ಲೇ ಬಾಂಬ್ ಸಿಡಿಯಿತು. 2022ರ ನವೆಂಬರ್ 19ರಂದು ಮಂಗಳೂರಿನ ಆಟೋದಲ್ಲಿ ಕುಕ್ಕರ್ ಬಾಂಬ್ ಸಿಡಿದು ಬಡ ಚಾಲಕ ಗಾಯಗೊಂಡ. ಪೊಲೀಸರ ಪ್ರಕಾರ ಆರೋಪಿ ಮೈಸೂರಿನಲ್ಲೇ ಬಾಡಿಗೆ ಮನೆ ಹಿಡಿದಿದ್ದ. ಅಂದು ಇಲ್ಲಿಂದ ಹೊರಟಿದ್ದು ವಿಮಾನದಲ್ಲಲ್ಲ, ಬಸ್ಸಿನಲ್ಲಿ! ಅವನ ಪಕ್ಕದ ಸೀಟಿನಲ್ಲಿ ನಿಮ್ಮ ತಾಯಿ ಕೂತಿದ್ದಿದ್ದರೆ?

ವಿಮಾನದಲ್ಲಿ ತಪಾಸಣೆ ಬೇಡವೆಂದು ನಾವು ಹೇಳುತ್ತಿಲ್ಲ. 1999ರ ಡಿಸೆಂಬರ್‌ನಲ್ಲಿ ಐಸಿ-814 ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದಾಗ, ಪ್ರಯಾಣಿಕರನ್ನು ಬಿಡಿಸಲು ಮೂವರು ಉಗ್ರರನ್ನು ಜೈಲಿನಿಂದ ಬಿಡಬೇಕಾಯಿತು. ಬಸ್ಸನ್ನು ರಸ್ತೆಯಲ್ಲಿ ತಡೆಯಬಹುದು, ಹಾರುವ ವಿಮಾನವನ್ನು ತಡೆಯಲಾಗದು. ಒಪ್ಪೋಣ. ಪ್ರತಿ ಬಸ್ಸಿಗೂ ಅದೇ ತಪಾಸಣೆ ಸಾಧ್ಯವಿಲ್ಲ ಎಂಬುದನ್ನೂ ಒಪ್ಪೋಣ. ಹಾಗೆ ಮಾಡಿದರೆ ಬೆಳಿಗ್ಗೆ ಹೊರಟ ಹುಣಸೂರಿನವನು ಮಧ್ಯಾಹ್ನದ ಊಟಕ್ಕೂ ಮನೆ ಸೇರಲಾರ. ಆದರೆ ಎಲ್ಲವನ್ನೂ ಮಾಡಲಾಗದು ಎಂದು ಏನನ್ನೂ ಮಾಡದಿರುವುದು ಯಾವ ನ್ಯಾಯ?

ಇನ್ನು ತಪಾಸಣೆಯ ಭಾಷೆ! 2020ರ ಆಗಸ್ಟ್‌ನಲ್ಲಿ ಚೆನ್ನೈ ವಿಮಾನ ನಿಲ್ದಾಣದಲ್ಲಿ, ಹಿಂದಿ ಬಾರದ್ದಕ್ಕೆ ಭದ್ರತಾ ಸಿಬ್ಬಂದಿಯೊಬ್ಬರು 'ನೀವು ಭಾರತೀಯರೇ' ಎಂದು ಕೇಳಿದರೆಂದು ಸಂಸದೆ ಕನಿಮೊಳಿ ದೂರಿದರು. ಸಂಸದೆಗೇ ಈ ಗತಿಯಾದರೆ, ಮೊದಲ ಬಾರಿ ವಿಮಾನ ಹತ್ತುವ ನಂಜನಗೂಡಿನ ಅಜ್ಜಿಯ ಪಾಡೇನು? ಹೇಳಿದ್ದು ಅರ್ಥವಾಗದಿದ್ದರೆ ಅದು ಭದ್ರತೆಯಲ್ಲ, ದಬ್ಬಾಳಿಕೆ.

ನಮ್ಮ ಹಕ್ಕೊತ್ತಾಯ ಇಷ್ಟೇ. ಬಸ್ ಮತ್ತು ರೈಲು ನಿಲ್ದಾಣಗಳಲ್ಲಿ ವರ್ಷವಿಡೀ ಕಾವಲಿರಲಿ, ಕ್ಯಾಮೆರಾಗಳು ಕೆಲಸ ಮಾಡಲಿ. ವಾರಸುದಾರರಿಲ್ಲದ ಚೀಲ ಕಂಡರೆ ಏನು ಮಾಡಬೇಕೆಂದು ಕಂಡಕ್ಟರಿಗೂ ಕೂಲಿಗೂ ಕಲಿಸಲಿ. ಕರ್ನಾಟಕದ ನೆಲದಲ್ಲಿ ಮೈ ಮುಟ್ಟಿ ತಪಾಸಣೆ ಮಾಡುವವನಿಗೆ ಕನ್ನಡ ಬರಲಿ.

ನಿಲ್ದಾಣದ ಅಧಿಕಾರಿಗಳನ್ನು ಇಂದೇ ಕೇಳಿ. ತೆರಿಗೆ ನಿಮ್ಮದು, ಪ್ರಾಣವೂ ನಿಮ್ಮದೇ!